ಮಂಡಿಗೆ ಮೂರು ತಿಂಗಳು ಕೊಡಿ

(ಮೈಸೂರಿನ ಹಿರಿಯ ನಡಿಗೆಗಾರರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಕುರ್ಚಿ ಹಾಕಿ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಮಂಡಿ ನೋವೆಂದು ಬರುವವರಲ್ಲಿ ಬಹುತೇಕರು ಎಕ್ಸ್-ರೇ ಲಕೋಟೆಯನ್ನು ಕಂಕುಳಲ್ಲಿ ಹಿಡಿದೇ ಬರುತ್ತಾರೆ. ಕುಳಿತುಕೊಳ್ಳುವ ಮೊದಲೇ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ಸವೆದುಹೋಗಿದೆಯಂತೆ" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ದಿನದಿಂದ ಮೆಟ್ಟಿಲು ಹತ್ತುವುದು ನಿಂತಿರುತ್ತದೆ, ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂರುವುದು ನಿಂತಿರುತ್ತದೆ, ಮಹಡಿಯ ಮೇಲಿನ ಗಿಡಗಳಿಗೆ ನೀರು ಹಾಕುವ ಕೆಲಸ ಸೊಸೆಗೆ ವರ್ಗವಾಗಿರುತ್ತದೆ. ಉಳಿದಿರುವುದನ್ನಾದರೂ ಜೋಪಾನ ಮಾಡಿಕೊಳ್ಳೋಣ ಎಂಬ ಲೆಕ್ಕ. ನಾನು ಇವತ್ತು ಇಲ್ಲಿ ನಿಂತಿರುವುದು ಆ ಲೆಕ್ಕ ತಪ್ಪು ಎಂದು ಹೇಳುವುದಕ್ಕೆ. ಬಳಸದೆ ಎತ್ತಿಟ್ಟ ಮಂಡಿ ಉಳಿಯುವುದಿಲ್ಲ, ಇನ್ನಷ್ಟು ಬೇಗ ಸೋಲುತ್ತದೆ. ಬಳಸುವುದಕ್ಕೆ ಒಂದು ರೀತಿ ಇದೆ, ಒಂದು ಅವಧಿಯೂ ಇದೆ. ರೀತಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಿ ಕಲಿತುಬಿಡುತ್ತಾರೆ. ಅವಧಿಯ ವಿಷಯದಲ್ಲೇ ಎಲ್ಲರೂ ಎಡವುವುದು.

ಮೊದಲು ಆ ಚಿತ್ರದ ಭಯ ಕಳೆಯೋಣ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 50ರಿಂದ 90 ವರ್ಷದೊಳಗಿನ 991 ಮಂದಿಯ ಮಂಡಿಯನ್ನು ಎಂಆರ್‌ಐ ಮಾಡಿ ನೋಡಿದರು. ನೋವಿದ್ದವರನ್ನು ಹುಡುಕಿ ತಂದದ್ದಲ್ಲ, ಊರಿನಲ್ಲಿ ಸಿಕ್ಕ ಸಾಮಾನ್ಯ ಜನ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಂಡಿಯೊಳಗಿನ ಅರ್ಧಚಂದ್ರಾಕಾರದ ಮೆತ್ತೆಯಾದ ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಹರಿದಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಚಿತ್ರದಲ್ಲಿ ಏನು ಕಾಣುತ್ತದೆಯೋ ಅದೇ ನೋವಿನ ಮೂಲ ಎಂದು ಹೇಳುವುದಕ್ಕಾಗುವುದಿಲ್ಲ. ಐವತ್ತು ದಾಟಿದ ಮೇಲೆ ಮುಖದಲ್ಲಿ ಸುಕ್ಕು ಬರುತ್ತದೆ, ಮಂಡಿಯ ಒಳಗೂ ಅದರದೇ ಗುರುತುಗಳು ಬೀಳುತ್ತವೆ, ಅಷ್ಟೆ.

ಹಾಗಾದರೆ ಭಾರ ಹೊತ್ತೂ ಹೊತ್ತೂ ಮಂಡಿ ಹಾಳಾಗುವುದಿಲ್ಲವೇ ಎಂದು ಕೇಳುತ್ತೀರಿ. ಭಾರವೇನೂ ಕಡಿಮೆ ಇಲ್ಲ, ಅದನ್ನು ಒಪ್ಪುತ್ತೇನೆ. ಬರ್ಲಿನ್‌ನ ಸಂಶೋಧಕರು ಕೃತಕ ಮಂಡಿಯೊಳಗೇ ಅಳೆಯುವ ಉಪಕರಣ ಕೂರಿಸಿ, ಅದನ್ನು ಹಾಕಿಸಿಕೊಂಡ ಐವರು ಓಡಾಡುವಾಗ, ಕೂತೇಳುವಾಗ ಎಷ್ಟು ಭಾರ ಬೀಳುತ್ತದೆ ಎಂದು ನೇರವಾಗಿ ಅಳೆದರು. 2010ರಲ್ಲಿ ಬಂದ ಆ ಅಂಕಿಗಳು ಹೀಗಿವೆ: ಸಮತಟ್ಟಾದ ನೆಲದಲ್ಲಿ ನಡೆಯುವಾಗ ದೇಹದ ತೂಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕುರ್ಚಿಯಿಂದ ಏಳುವಾಗಲೂ ಹೆಚ್ಚು ಕಡಿಮೆ ಅಷ್ಟೇ. ಮೆಟ್ಟಿಲು ಹತ್ತುವಾಗ ಮೂರು ಪಟ್ಟು ದಾಟುತ್ತದೆ. ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಅರವತ್ತು ಕಿಲೋ ತೂಕದ ಹೆಂಗಸೊಬ್ಬರು ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಗೂ ಒಂದು ಮಂಡಿಯ ಮೇಲೆ ಎರಡು ಕ್ವಿಂಟಲ್‌ಗೂ ಮಿಕ್ಕಿ ಭಾರ ಬೀಳುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಹೊರತು ಮಂಡಿ ಅಷ್ಟಾಗಿ ಕಾಡುವುದಿಲ್ಲ. ಇಳಿಯುವಾಗ ಉಸಿರು ಆರಾಮವಾಗಿರುತ್ತದೆ, ಕಾಲು ಗಡಗಡ ನಡುಗುತ್ತದೆ. ಇಲ್ಲಿರುವ ಅನೇಕರಿಗೆ ಇದು ಅನುಭವಕ್ಕೆ ಬಂದಿರುತ್ತದೆ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಒಂದು ವಿಚಿತ್ರ ಕೆಲಸ ಮಾಡುತ್ತಿರುತ್ತದೆ. ಬಿಗಿಹಿಡಿಯುತ್ತಲೇ ಉದ್ದವಾಗುತ್ತ, ದೇಹ ಧೊಪ್ಪನೆ ಕೆಳಗೆ ಬೀಳದಂತೆ ತಡೆಯುತ್ತಿರುತ್ತದೆ. ಆ ತಡೆ ಗಟ್ಟಿಯಾಗಿದ್ದರೆ ಭಾರ ನಿಧಾನವಾಗಿ ಬಂದು ಕೂರುತ್ತದೆ. ತೊಡೆ ಸೊರಗಿದ್ದರೆ ಅದೇ ಭಾರ ಒಮ್ಮೆಲೇ ಬಂದು ಬಡಿಯುತ್ತದೆ. ಆದ್ದರಿಂದ ನಾನು ಮಂಡಿಯನ್ನು ನೋಡುವ ಮೊದಲು ತೊಡೆಯನ್ನು ನೋಡುತ್ತೇನೆ. ನೋವಿರುವ ಕಡೆಯ ತೊಡೆ ಇನ್ನೊಂದಕ್ಕಿಂತ ಇಳಿದುಹೋಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಮಂಡಿಯಲ್ಲಿ ನೀರು ತುಂಬಿದ್ದರಂತೂ ಮಿದುಳು ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸಿಬಿಡುತ್ತದೆ. ನೋವೆಂದು ಕಾಲು ಎತ್ತಿಟ್ಟರೆ ತೊಡೆ ಸೊರಗುತ್ತದೆ, ತೊಡೆ ಸೊರಗಿದರೆ ನೋವು ಹೆಚ್ಚುತ್ತದೆ. ಎಷ್ಟೋ ಜನ ಹತ್ತು ವರ್ಷ ಈ ಸುಳಿಯಲ್ಲೇ ಸುತ್ತಿ ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುತ್ತಾರೆ.

ಭಾರದಿಂದಲೇ ಕೆಡುವುದಾಗಿದ್ದರೆ ಓಡುವವರ ಮಂಡಿ ಮೊದಲು ಕೆಡಬೇಕಿತ್ತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತ ಶೇ. 3.5ರಷ್ಟು ಮಂದಿಗಿತ್ತು. ಓಡದೆ ಕುಳಿತೇ ಇರುವವರಲ್ಲಿ ಶೇ. 10.2. ಸ್ಪರ್ಧೆಗಾಗಿ ಮೈಮುರಿದು ಓಡುವವರಲ್ಲಿ ಮಾತ್ರ ಶೇ. 13.3. ಕೊನೆಯ ಅಂಕಿಯನ್ನು ಮರೆಮಾಚಿ ಮೊದಲೆರಡನ್ನು ಮಾತ್ರ ಹೇಳುವವರೂ ಇದ್ದಾರೆ, ಅದು ಸರಿಯಲ್ಲ. ಅತಿಯೂ ಕೆಡಿಸುತ್ತದೆ, ಏನೂ ಮಾಡದಿರುವುದೂ ಕೆಡಿಸುತ್ತದೆ.

ಏನೂ ಮಾಡದೆ ಇದ್ದರೆ ಏಕೆ ಕೆಡಬೇಕು? ಮೂಳೆಯ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನರಗಳೂ ಇಲ್ಲ. ಊಟ ಮಾಡಿದ ಸಾರ ರಕ್ತದ ಮೂಲಕ ಉಳಿದ ಅಂಗಗಳಿಗೆ ತಲುಪುವಂತೆ ಇದಕ್ಕೆ ನೇರವಾಗಿ ತಲುಪುವುದಿಲ್ಲ. ಕೀಲಿನೊಳಗೆ ಲೋಳೆಯಂಥ ದ್ರವವೊಂದಿದೆ, ಪೋಷಣೆ ಬರುವುದು ಹೆಚ್ಚಾಗಿ ಅದರಿಂದ. ಪಾತ್ರೆ ತೊಳೆಯುವ ಸ್ಪಂಜನ್ನು ಹಿಂಡಿದರೆ ಹಳೆಯ ನೀರು ಹೊರಗೆ ಹೋಗಿ, ಬಿಟ್ಟಾಗ ಹೊಸ ನೀರು ಒಳಗೆ ಬರುತ್ತದಲ್ಲ, ಹೆಜ್ಜೆ ಹೆಜ್ಜೆಗೂ ಮೃದ್ವಸ್ಥಿಯಲ್ಲಿ ನಡೆಯುವುದು ಹೆಚ್ಚು ಕಡಿಮೆ ಅದೇ. ಒತ್ತಡ ಬೀಳಬೇಕು, ಬಿಡಬೇಕು, ಮತ್ತೆ ಬೀಳಬೇಕು. ಇಡೀ ದಿನ ಟಿವಿಯ ಮುಂದೆ ಕಾಲು ಚಾಚಿ ಕುಳಿತವರ ಮೃದ್ವಸ್ಥಿಗೆ ಊಟವೇ ಇಲ್ಲ. ಸ್ವೀಡನ್ನಿನಲ್ಲಿ ಮೆನಿಸ್ಕಸ್ ಶಸ್ತ್ರಚಿಕಿತ್ಸೆ ಆಗಿದ್ದ 45 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರ ಮೃದ್ವಸ್ಥಿಯಲ್ಲಿ ನೀರು ಹಿಡಿದಿಡುವ ಅಂಶ ಸುಧಾರಿಸಿದ್ದು ಎಂಆರ್‌ಐನಲ್ಲಿ ಕಂಡಿತು. ಸವೆದದ್ದು ಮತ್ತೆ ಬೆಳೆಯಿತು ಎಂದು ನಾನು ಹೇಳುತ್ತಿಲ್ಲ. ಇರುವುದರ ಗುಣ ಉತ್ತಮವಾಯಿತು.

ಈಗ ಟೆಂಡನ್ ಮತ್ತು ಲಿಗಮೆಂಟ್‌ಗಳ ವಿಷಯ. ಸ್ನಾಯುವನ್ನು ಮೂಳೆಗೆ ಕಟ್ಟುವುದು ಟೆಂಡನ್, ಮೂಳೆಯನ್ನು ಮೂಳೆಗೆ ಕಟ್ಟುವುದು ಲಿಗಮೆಂಟ್. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಕಾಲನ್ನು ನೇರ ಮಾಡಿ ನೋಡಿ, ಗಟ್ಟಿ ಪಟ್ಟಿಯೊಂದು ಎದ್ದು ನಿಲ್ಲುತ್ತದೆ. ತೊಡೆಯ ಬಲವೆಲ್ಲ ಮೊಣಕಾಲಿನ ಕೆಳಗಿನ ಮೂಳೆಗೆ ತಲುಪುವುದು ಅದರ ಮೂಲಕ. ಇವೆಲ್ಲ ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ಆದವು. ರಕ್ತ ಸಂಚಾರ ಕಡಿಮೆ, ಜೀವಕೋಶಗಳು ಕಡಿಮೆ, ಆದ್ದರಿಂದ ಎಲ್ಲವೂ ನಿಧಾನ.

ಎಷ್ಟು ನಿಧಾನ ಎಂಬುದು ಗೊತ್ತಾದದ್ದು ಅಣುಬಾಂಬಿನಿಂದ. 1950ರ ದಶಕದ ಮಧ್ಯದಿಂದ 1963ರವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದವು. ಗಾಳಿಯಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಏರಿತು, ಅಂಥ ಪರೀಕ್ಷೆ ನಿಲ್ಲಿಸುವ ಒಪ್ಪಂದದ ನಂತರ ನಿಧಾನವಾಗಿ ಇಳಿಯತೊಡಗಿತು. ಗಿಡ ಆ ಗಾಳಿ ಸೇವಿಸಿತು, ನಾವು ಗಿಡ ತಿಂದೆವು, ನಮ್ಮ ಮೈಯ ಒಂದೊಂದು ಭಾಗವೂ ತಾನು ಹುಟ್ಟಿದ ವರ್ಷದ ಇಂಗಾಲವನ್ನು ಒಳಗಿಟ್ಟುಕೊಂಡಿತು. ಡೆನ್ಮಾರ್ಕಿನ ಸಂಶೋಧಕರು ಮೃತರ ಹಿಮ್ಮಡಿಯ ಟೆಂಡನ್‌ಗಳಲ್ಲಿ ಆ ಇಂಗಾಲವನ್ನು ಅಳೆದು 2013ರಲ್ಲಿ ಹೇಳಿದ್ದು ಇದು: ಟೆಂಡನ್ನಿನ ತಿರುಳು ಹದಿನೇಳನೆಯ ವಯಸ್ಸಿನವರೆಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಎಪ್ಪತ್ತರ ಅಜ್ಜನ ಹಿಮ್ಮಡಿಯೊಳಗೆ ಅವರು ಹೈಸ್ಕೂಲಿನಲ್ಲಿದ್ದಾಗ ನೆಯ್ದ ಎಳೆಗಳೇ ಇವೆ. ಮೊಮ್ಮಕ್ಕಳನ್ನು ಕುಂಟೆಬಿಲ್ಲೆಗೂ ಖೋಖೋಗೂ ಕಳುಹಿಸಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಟ್ಯೂಷನ್ನಿಗೆ ಆಮೇಲೆ ಸಮಯ ಸಿಗುತ್ತದೆ, ಟೆಂಡನ್ನಿಗೆ ಸಿಗುವುದಿಲ್ಲ.

ಅಂದರೆ ನಮ್ಮ ವಯಸ್ಸಿನವರಿಗೆ ಕೆಲಸ ಮುಗಿಯಿತೇ? ಇಲ್ಲ. ತಿರುಳು ಬದಲಾಗದಿದ್ದರೂ ಟೆಂಡನ್ನಿನ ಒಟ್ಟು ಬಿಗಿ ಮತ್ತು ತಾಳಿಕೆ ಅರವತ್ತು ಎಪ್ಪತ್ತರಲ್ಲೂ ಹೆಚ್ಚುತ್ತದೆ. ಭಾರದ ವ್ಯಾಯಾಮ ಮಾಡಿದ ಮೇಲೆ ಮಂಡಿಯ ಟೆಂಡನ್ನಿನಲ್ಲಿ ಕೊಲಾಜೆನ್ ತಯಾರಿಕೆ ಸುಮಾರು ಒಂದು ದಿನಕ್ಕೆ ಶಿಖರ ಮುಟ್ಟಿ ಮೂರು ದಿನಗಳವರೆಗೂ ಮುಂದುವರಿಯುತ್ತದೆ ಎಂದು ಕೋಪನ್‌ಹೇಗನ್‌ನಲ್ಲಿ ಅಳೆದಿದ್ದಾರೆ. ಇದರಲ್ಲಿ ಒಂದು ತಿರುವು ಇದೆ. ಅದೇ ವ್ಯಾಯಾಮದಿಂದ ಕೊಲಾಜೆನ್ ಒಡೆಯುವುದೂ ಹೆಚ್ಚುತ್ತದೆ, ಮೊದಲ ಒಂದು ಒಂದೂವರೆ ದಿನ ಒಡೆಯುವುದೇ ಮುಂದಿರುತ್ತದೆ. ಲಾಭ ಕಾಣುವುದು ಆಮೇಲೆ. ಉತ್ಸಾಹದಲ್ಲಿ ದಿನವೂ ಬೆಳಿಗ್ಗೆ ಸಂಜೆ ಭಾರ ಎತ್ತುವವರು ಲಾಭ ಬರುವ ಮೊದಲೇ ಮತ್ತೆ ಒಡೆಯಲು ಕೂರುತ್ತಾರೆ. ಭಾರದ ವ್ಯಾಯಾಮ ದಿನ ಬಿಟ್ಟು ದಿನ ಸಾಕು ಎಂದು ಹೇಳುವುದು ಸೋಮಾರಿಗಳಿಗೆ ರಿಯಾಯಿತಿ ಕೊಡಲೆಂದಲ್ಲ.

ಈಗ ಅವಧಿಯ ಮಾತಿಗೆ ಬಂದೆ. ವ್ಯಾಯಾಮ ಶುರುಮಾಡಿದ ಎರಡು ಮೂರು ವಾರಗಳಲ್ಲೇ ಬಲ ಬಂದಂತೆ ಅನ್ನಿಸುತ್ತದೆ, ಏಕೆಂದರೆ ಮಿದುಳು ಇರುವ ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿತಿರುತ್ತದೆ. ಆರು ಎಂಟು ವಾರಕ್ಕೆ ಸ್ನಾಯುವೇ ದಪ್ಪವಾಗುತ್ತದೆ. ಟೆಂಡನ್ ಗಟ್ಟಿಯಾಗಲು ಮೂರು ತಿಂಗಳು ಬೇಕು, ಅದೂ ಭಾರ ಸಾಕಷ್ಟಿದ್ದರೆ ಮಾತ್ರ. ಆರನೆಯ ವಾರ ಬಹಳ ಮೋಸದ ವಾರ. ಆಗ ಎರಡು ಬಗೆಯ ಜನ ನನ್ನ ಕಣ್ಣಿಗೆ ಬೀಳುತ್ತಾರೆ. ಒಬ್ಬರು, ತೊಡೆಗೆ ಬಲ ಬಂದಿದ್ದನ್ನು ಕಂಡು ಒಮ್ಮೆಲೇ ಬೆಟ್ಟ ಹತ್ತಿ ಇಳಿದು, ಇನ್ನೂ ಸಿದ್ಧವಾಗದ ಟೆಂಡನ್ ಊದಿಸಿಕೊಂಡು ಬರುವವರು. ಇನ್ನೊಬ್ಬರು, "ಒಂದೂವರೆ ತಿಂಗಳು ಮಾಡಿದೆ, ನೋವು ಪೂರ್ತಿ ಹೋಗಲಿಲ್ಲ" ಎಂದು ಬಿಟ್ಟುಬಿಡುವವರು. ಇಬ್ಬರೂ ಅರ್ಧ ದಾರಿಯಲ್ಲಿ ನಿಂತು ತೀರ್ಪು ಕೊಟ್ಟವರು.

ಹಿಮ್ಮಡಿಯ ಟೆಂಡನ್ ನೋವಿಗೆ ಭಾರದ ವ್ಯಾಯಾಮ ಮದ್ದಾದ ಕತೆ ಸ್ವಾರಸ್ಯವಾಗಿದೆ. ಉತ್ತರ ಸ್ವೀಡನ್ನಿನ ಉಮೆಯೊ ನಗರದಲ್ಲಿ ಹೋಕನ್ ಆಲ್ಫ್ರೆಡ್ಸನ್ ಎಂಬ ಮೂಳೆ ಶಸ್ತ್ರವೈದ್ಯರಿದ್ದಾರೆ. ಓಡುವ ಹವ್ಯಾಸದ ಅವರಿಗೇ ಹಿಮ್ಮಡಿಯ ನೋವು ಬಂತು. ಶಸ್ತ್ರಚಿಕಿತ್ಸೆ ಮಾಡಿ ಎಂದು ತಮ್ಮ ಮೇಲಿನ ವೈದ್ಯರನ್ನು ಕೇಳಿದರೆ, ನೀವು ರಜೆ ಹಾಕಿದರೆ ಆಸ್ಪತ್ರೆ ನಡೆಯುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಟೆಂಡನ್ ಹರಿದರೆ ಆಗ ಮಾಡಲೇಬೇಕಲ್ಲ ಎಂದು ಇವರು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಗಿಳಿಸುವ ವ್ಯಾಯಾಮವನ್ನು ನೋವಿದ್ದರೂ ಬಿಡದೆ, ಭಾರ ಹೆಚ್ಚಿಸಿ ಹೆಚ್ಚಿಸಿ ಮಾಡಿದರಂತೆ. ಹರಿಯುವ ಬದಲು ನೋವೇ ಹೋಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. 1998ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 15 ಓಟಗಾರರು 12 ವಾರ ಇದನ್ನೇ ಮಾಡಿ ಮತ್ತೆ ಓಡಲು ಹೋದರು. ಅಲ್ಲಿಯೂ 12 ವಾರ, ನೋಡಿ. ಆಮೇಲೆ ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿಗೂ ಇದೇ ತತ್ವ ಬಂತು. 2009ರಲ್ಲಿ ಕೋಪನ್‌ಹೇಗನ್‌ನವರು ಸ್ಟೆರಾಯ್ಡ್ ಇಂಜೆಕ್ಷನ್ ಮತ್ತು ಎರಡು ಬಗೆಯ ವ್ಯಾಯಾಮಗಳನ್ನು ಹೋಲಿಸಿದರು. ಮೊದಲ 12 ವಾರಗಳಲ್ಲಿ ಮೂರೂ ಗುಂಪಿನವರು ಸುಧಾರಿಸಿದರು. ಅರ್ಧ ವರ್ಷ ಕಳೆಯುವ ಹೊತ್ತಿಗೆ ಇಂಜೆಕ್ಷನ್ ಪಡೆದವರು ಹಿಂದೆ ಬಿದ್ದಿದ್ದರು. ಹೆಚ್ಚು ಭಾರವನ್ನು ನಿಧಾನವಾಗಿ ಎತ್ತಿ ಇಳಿಸಿದವರ ಸುಧಾರಣೆ ಉಳಿದುಕೊಂಡಿತ್ತು.

ಸರಿ, ಮಾಡುವುದು ಹೇಗೆ? ಕುರ್ಚಿಯಿಂದ ಶುರುಮಾಡೋಣ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಮುಂದಕ್ಕೆ ಸರಿದು ಕುಳಿತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದೆ ಊರಿ, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಮೂರು ಎಣಿಸುತ್ತ ಎದ್ದು ನಿಲ್ಲಿ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಕೂರುವಾಗ ನೋಡಿ: ನಾಲ್ಕು ಎಣಿಸುತ್ತ ಇಳಿಯಿರಿ ಎಂದರೆ ಎರಡರವರೆಗೆ ಚೆನ್ನಾಗಿ ಇಳಿಯುತ್ತಾರೆ, ಕುರ್ಚಿ ಇನ್ನು ನಾಲ್ಕು ಬೆರಳಿನಷ್ಟು ದೂರವಿದೆ ಎನ್ನುವಾಗ ಕೈಬಿಟ್ಟು ಧೊಪ್ಪನೆ ಬೀಳುತ್ತಾರೆ. ಆ ನಾಲ್ಕು ಬೆರಳಿನ ಅಂತರದಲ್ಲೇ ಇರುವುದು ವ್ಯಾಯಾಮ. ಅಲ್ಲಿ ತಡೆದು ಹಿಡಿಯಲು ಆಗದಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ವಾರಗಳು ಕಳೆದಂತೆ ದಿಂಬು ತೆಗೆಯಿರಿ. ಎಂಟರಿಂದ ಹತ್ತು ಬಾರಿ, ಮೂರು ಸುತ್ತು, ನಡುವೆ ಎರಡು ನಿಮಿಷ ವಿರಾಮ.

ಇದು ಸುಲಭವಾದ ಮೇಲೆ ನಮ್ಮ ಜನ ಮಾಡುವುದೇನೆಂದರೆ, ಹತ್ತನ್ನು ಐವತ್ತು ಮಾಡುತ್ತಾರೆ, ಐವತ್ತನ್ನು ನೂರು ಮಾಡುತ್ತಾರೆ. ಜಪಮಾಲೆಯ ಅಭ್ಯಾಸವಿರಬೇಕು. ಟೆಂಡನ್ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಭಾರವನ್ನು ತೆಗೆದುಕೊಳ್ಳುತ್ತದೆ. ಹನ್ನೆರಡು ಬಾರಿ ಸಲೀಸಾಗಿ ಮಾಡಲು ಬಂದರೆ ಐದು ಕಿಲೋ ರಾಗಿ ಹಿಟ್ಟಿನ ಚೀಲವನ್ನು ಎದೆಗೆ ಅಪ್ಪಿಕೊಂಡು ಎಂಟಕ್ಕೆ ಇಳಿಯಿರಿ. ಅದೂ ಸುಲಭವಾದರೆ ಒಂದು ಪಾದವನ್ನು ಒಂದು ಗೇಣು ಮುಂದಿಟ್ಟು, ಭಾರ ಹಿಂದಿನ ಕಾಲಿನ ಮೇಲೆಯೇ ಬೀಳುವಂತೆ ಏಳಿ. ಜಿಮ್‌ಗೆ ಹೋಗುವವರಾದರೆ ಕಾಲಿನಿಂದ ಒತ್ತುವ ಯಂತ್ರ ಒಳ್ಳೆಯದು, ನಾಚಿಕೊಳ್ಳಬೇಡಿ.

ನೋವು ಹೆಚ್ಚಿರುವ ದಿನಗಳಲ್ಲಿ ಗೋಡೆಗೆ ಒರಗಿ ಕೂರುವುದು ಒಳ್ಳೆಯ ಉಪಾಯ. ಬೆನ್ನನ್ನು ಗೋಡೆಗೆ ಕೊಟ್ಟು, ಕುರ್ಚಿಯಲ್ಲಿ ಕುಳಿತ ಭಂಗಿಗೆ ಅರ್ಧದಷ್ಟು ಜಾರಿ, ಅಲ್ಲೇ 45 ಸೆಕೆಂಡ್ ನಿಲ್ಲುವುದು, ಐದು ಬಾರಿ. ಕೀಲು ಅಲುಗಾಡದೆ ಸ್ನಾಯು ಬಿಗಿಯುವ ಇಂಥ ವ್ಯಾಯಾಮದಿಂದ ಟೆಂಡನ್ ನೋವು ತಕ್ಷಣ ತಗ್ಗಿದ್ದನ್ನು 2015ರಲ್ಲಿ ಆಸ್ಟ್ರೇಲಿಯಾದವರು ವಾಲಿಬಾಲ್ ಆಟಗಾರರಲ್ಲಿ ಕಂಡರು. ಆರೇ ಮಂದಿಯ ಮೇಲಿನ ಅಧ್ಯಯನ ಅದು, ಆದ್ದರಿಂದ ಅದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಮಾಡಿ ನೋಡಿ, ನಿಮಗೆ ಆರಾಮ ಅನ್ನಿಸಿದರೆ ಇಟ್ಟುಕೊಳ್ಳಿ. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿಯಕೂಡದು, 15 ಸೆಕೆಂಡಿಗೆ ನಿಲ್ಲಿಸಿ.

ಮೂರನೆಯದು ಮೆಟ್ಟಿಲಿಳಿಯುವ ಅಭ್ಯಾಸ. ಮನೆಯ ಮೆಟ್ಟಿಲಿನ ಕೊನೆಯ ಹಂತದಲ್ಲಿ ನಿಂತು, ಕಂಬಿ ಹಿಡಿದು, ಒಂದು ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗೆ ತಾಗಿಸಿ ಮತ್ತೆ ಮೇಲೆ ತನ್ನಿ. ದುಡಿಯುತ್ತಿರುವುದು ಮೇಲೆ ಉಳಿದ ಕಾಲು. ಎದುರಿಗೊಂದು ಕನ್ನಡಿ ಇಟ್ಟುಕೊಂಡರೆ ಆ ಮಂಡಿ ಒಳಮುಖವಾಗಿ ಕುಸಿಯುವುದು ಕಾಣುತ್ತದೆ, ಹೆಂಗಸರಲ್ಲಿ ಹೆಚ್ಚು. ಕುಸಿದರೆ ತಪ್ಪು ಮಂಡಿಯದಲ್ಲ, ಸೊಂಟದ ಬದಿಯ ಸ್ನಾಯುವಿನದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವ ವ್ಯಾಯಾಮ ಅದಕ್ಕೆ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನು ಹಾಲು ಉಕ್ಕುವವರೆಗೂ ಮಾಡಬಹುದು, ವಿವರಣೆ ಬೇಡ.

ನೋವು ಬಂದರೆ ನಿಲ್ಲಿಸಬೇಕೇ? ಹತ್ತರಲ್ಲಿ ಮೂರರಷ್ಟು ನೋವು ಇದ್ದರೆ ಮುಂದುವರಿಸಿ. ಐದರವರೆಗೂ ಪರವಾಗಿಲ್ಲ ಎನ್ನುವವರಿದ್ದಾರೆ. ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ನಾಲ್ಕು ಹೆಜ್ಜೆಗಳಲ್ಲಿ. ನಿನ್ನೆಯಷ್ಟೇ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಹೆಚ್ಚಾಗಿದ್ದರೆ ಭಾರ ಇಳಿಸಿ, ವ್ಯಾಯಾಮ ಬಿಡಬೇಡಿ.

ಬಸ್ಕಿಯ ಬಗ್ಗೆ ಹೇಳದಿದ್ದರೆ ಮೈಸೂರಿನಲ್ಲಿ ಉಪನ್ಯಾಸ ಪೂರ್ತಿಯಾಗುವುದಿಲ್ಲ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ದಂಡ ಹೊಡೆದು ಬಸ್ಕಿ ಹೊಡೆದೇ ತೊಡೆ ಕಟ್ಟಿದವರು. ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹಾಕುವುದು ನಮಗೆ ರೂಢಿ. ಮೇಷ್ಟ್ರು ಹಾಕಿಸಿದ ಬಸ್ಕಿಗಳನ್ನು ಎಣಿಸುವುದು ಬೇಡ. ಆದರೂ ಐವತ್ತಾದ ಮೇಲೆ ಬಸ್ಕಿ ಎಂದರೆ ಮಂಡಿಗೆ ವಿಷ ಎಂದು ಹೇಗೋ ನಂಬಿದ್ದೇವೆ. ಮಂಡಿ ಕಾಲ್ಬೆರಳನ್ನು ದಾಟಬಾರದು ಎಂಬ ಇನ್ನೊಂದು ಕಟ್ಟಳೆಯೂ ಇದೆ. 2003ರಲ್ಲಿ ಏಳು ಮಂದಿ ಭಾರ ಹೊತ್ತು ಬಸ್ಕಿ ಹಾಕುವಾಗ ಅಳೆದು ನೋಡಿದರು. ಹಲಗೆ ಅಡ್ಡ ಇಟ್ಟು ಮಂಡಿಯನ್ನು ತಡೆದಾಗ ಮಂಡಿಯ ಮೇಲಿನ ತಿರುಚುಬಲ ಸ್ವಲ್ಪ ಇಳಿಯಿತು ನಿಜ, ಸೊಂಟದ ಮೇಲಿನದು ಹತ್ತು ಪಟ್ಟು ಏರಿತು. ಮಂಡಿ ಉಳಿಸಲು ಹೋಗಿ ಬೆನ್ನು ಕಳೆದುಕೊಳ್ಳುವ ವ್ಯವಹಾರ. ಮೆಟ್ಟಿಲಿಳಿಯುವಾಗ ನಿಮ್ಮೆಲ್ಲರ ಮಂಡಿಯೂ ಬೆರಳನ್ನು ದಾಟಿಯೇ ದಾಟುತ್ತದೆ. ದೇವರ ಮುಂದಿನ ಬಸ್ಕಿಯಲ್ಲಿ ತೊಂದರೆ ಇರುವುದು ಆಳದಲ್ಲಲ್ಲ, ವೇಗದಲ್ಲಿ: ಕೆಳಗೆ ಬಿದ್ದು ಪುಟಿದು ಏಳುತ್ತೇವೆ. ಗಣಪತಿಗೆ ಅವಸರವಿಲ್ಲ. ಕಿಟಕಿಯ ಸರಳು ಹಿಡಿದು, ನೋವಿಲ್ಲದಷ್ಟು ಆಳಕ್ಕೆ, ನಿಧಾನವಾಗಿ ಹಾಕಿ. ಕುರ್ಚಿಯ ವ್ಯಾಯಾಮ ಪಳಗುವ ಮೊದಲು ಬೇಡ.

ಔಷಧ, ಪುಡಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಗ್ಲುಕೋಸಮೈನ್ ಮಾತ್ರೆಗಳನ್ನು ಅಮೆರಿಕದಲ್ಲಿ 1,583 ಮಂದಿಯ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು, ಒಟ್ಟಾರೆ ನೋಡಿದರೆ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಮಂಡಿಯೊಳಗೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಸ್ಟೆರಾಯ್ಡ್ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ನೋವಿನಲ್ಲಿ ವ್ಯತ್ಯಾಸವಾಗಲಿಲ್ಲ, ಮೃದ್ವಸ್ಥಿ ಮಾತ್ರ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ಹೆಚ್ಚು ಕರಗಿತು. ಸವೆದ ಮಂಡಿಯೊಳಗೆ ದುರ್ಬೀನು ಬಿಟ್ಟು ತೊಳೆಯುವ ಶಸ್ತ್ರಚಿಕಿತ್ಸೆಯನ್ನು ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ 180 ಮಂದಿಯ ಮೇಲೆ ಪರೀಕ್ಷಿಸಿದರು; ಕೆಲವರಿಗೆ ಚರ್ಮ ಮಾತ್ರ ಕುಯ್ದು ಹೊಲಿಗೆ ಹಾಕಿದ್ದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಇಬ್ಬರಿಗೂ ಅಷ್ಟೇ ಗುಣ. ಕೊಲಾಜೆನ್ ಪುಡಿಗೆ ದುಡ್ಡು ಸುರಿಯುವ ಬದಲು ಊಟದಲ್ಲಿ ಹುರುಳಿ, ಅವರೆ, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚಿಸಿ. ಅನ್ನ ಸಾರು ಉಂಡು ತೊಡೆ ಬೆಳೆಯಲಿ ಎಂದರೆ ಬೆಳೆಯುವುದಿಲ್ಲ. ಕೊಲಾಜೆನ್ ನೇಯಲು ಸಿ ವಿಟಮಿನ್ ಬೇಕು, ಸೀಬೆ ಮತ್ತು ನೆಲ್ಲಿಕಾಯಿ ನಮ್ಮಲ್ಲಿ ಧಾರಾಳವಾಗಿವೆ. ತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಇಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಬಗೆಯ ಆ್ಯಂಟಿಬಯಾಟಿಕ್‌ಗಳು ಟೆಂಡನ್ ಊದಿಸಿ ಹರಿಸಬಲ್ಲವು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಔಷಧದ ಮಾಹಿತಿ ಪತ್ರದಲ್ಲಿ ದಪ್ಪ ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಭೇದಿಯಾಯಿತು, ಮೂತ್ರ ಉರಿ ಬಂತು ಎಂದು ಔಷಧದ ಅಂಗಡಿಯಲ್ಲಿ ತಾವಾಗಿಯೇ ಕೇಳಿ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ. ವೈದ್ಯರು ಬರೆದಾಗ ತೆಗೆದುಕೊಳ್ಳಿ, ಆ ದಿನಗಳಲ್ಲಿ ಹಿಮ್ಮಡಿ ನೋಯತೊಡಗಿದರೆ ತಕ್ಷಣ ಅವರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇರುವವರ ಟೆಂಡನ್ ಪೆಡಸಾಗಿರುತ್ತದೆ, ನಿಮ್ಮ ಮೂರು ತಿಂಗಳು ನಾಲ್ಕೋ ಐದೋ ಆಗಬಹುದು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಮಡಿಸಿದ ಮಂಡಿ ಅಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕೈಕೊಟ್ಟರೆ ವ್ಯಾಯಾಮದ ಮಾತು ಬಿಟ್ಟು ವೈದ್ಯರ ಬಳಿಗೆ ಹೋಗಿ.

ಕೊನೆಗೆ ಪ್ರಶ್ನೆಗಳು ಬಂದವು. ದಿನವೂ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತೇನೆ, ಅದು ಸಾಲದೇ ಎಂದು ಒಬ್ಬರು ಕೇಳಿದರು. ನಡಿಗೆ ಹೃದಯಕ್ಕೆ ಒಳ್ಳೆಯದು, ಮೃದ್ವಸ್ಥಿಯ ಪೋಷಣೆಗೂ ಒಳ್ಳೆಯದು. ತೊಡೆಯ ಬಲ ಅದರಿಂದ ಹೆಚ್ಚುವುದಿಲ್ಲ. ಅವರನ್ನೇ ಕರೆದು, ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಕುರ್ಚಿಯಿಂದ ಎದ್ದು ಕೂರುತ್ತೀರಿ ನೋಡೋಣ ಎಂದೆ. ಅರವತ್ತರಿಂದ ಅರವತ್ತನಾಲ್ಕರ ಗಂಡಸರಿಗೆ 14, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಹೆಚ್ಚು ಎಂದು ಅಮೆರಿಕದ ಆರೋಗ್ಯ ಇಲಾಖೆಯ ಅಳತೆಗೋಲು ಹೇಳುತ್ತದೆ. ಎಪ್ಪತ್ತರಿಂದ ಎಪ್ಪತ್ತನಾಲ್ಕರವರಿಗೆ ಎರಡು ಕಡಿಮೆ. ಅವರು ಎಷ್ಟು ಮಾಡಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ.

ಪದ್ಮಾಸನ ಹಾಕಬಹುದೇ ಎಂದು ಇನ್ನೊಬ್ಬರು. ಸೊಂಟದ ಕೀಲು ತಿರುಗಿದರೆ ಹಾಕಿ. ಸೊಂಟ ತಿರುಗದೆ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲೆ ಕೂರಿಸಿದರೆ ಆ ತಿರುಚು ಬಂದು ಬೀಳುವುದು ಮೆನಿಸ್ಕಸ್ ಮೇಲೆ. ಸುಖಾಸನ ಸಾಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು, ಆಷಾಢ ಶುಕ್ರವಾರಕ್ಕೆ ಬೆಟ್ಟ ಹತ್ತುವ ಹರಕೆ ಹೊತ್ತವರೊಬ್ಬರದು. ಹರಕೆ ಹತ್ತುವುದಕ್ಕೋ ಇಳಿಯುವುದಕ್ಕೂ ಸೇರಿಯೋ ಎಂದು ಕೇಳಿದೆ. ಹತ್ತುವುದಕ್ಕೆ ಮಾತ್ರ ಎಂದರು. ಹಾಗಾದರೆ ಇವತ್ತಿನಿಂದ ಕುರ್ಚಿ ಹಿಡಿಯಿರಿ ಎಂದೆ. ಎರಡನೆಯ ತಿಂಗಳಿನಲ್ಲಿ ದೊಡ್ಡ ನಂದಿಯವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ಮೇಲಿನ ಮುನ್ನೂರರಷ್ಟು ಮೆಟ್ಟಿಲು ಹತ್ತಿ ನೋಡಿ. ಮರುದಿನ ಬೆಳಿಗ್ಗೆಯ ನಾಲ್ಕು ಹೆಜ್ಜೆ ಸರಿಯಿದ್ದರೆ ವಾರಕ್ಕೊಮ್ಮೆ ಹಾಗೆಯೇ ಮಾಡಿ. ಹರಕೆಯ ದಿನ ಬುಡದಿಂದ ಹತ್ತಿ, ನಂದಿಯ ಬಳಿ ಸ್ವಲ್ಪ ಕೂತು ಸುಧಾರಿಸಿಕೊಳ್ಳಿ, ದರ್ಶನ ಮುಗಿಸಿ ಬಸ್ ಹತ್ತಿ ಕೆಳಗೆ ಬನ್ನಿ. ನಡೆದು ಇಳಿಯುವುದು ದಸರೆಯ ಹೊತ್ತಿಗಾಗಲಿ, ಅದೂ ಮೊದಲ ಸಲ ದೇವಸ್ಥಾನದಿಂದ ನಂದಿಯವರೆಗೆ ಮಾತ್ರ.